ಒಂದು ತಾಸಿನ ಒಗಟು

ಗೋವೆಯ ದಾಬೋಲಿಂ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನದ ಹಾದಿ ಒಂದು ತಾಸಿಗಿಂತ ತುಸು ಹೆಚ್ಚು. ಮೂವರು ಎಳೆಯರೊಡನೆ ಹೊರಟ ತಾಯಿಗೆ ಅದೂ ದೀರ್ಘ ಪ್ರಯಾಣವೇ. ಕೈಗೊಂದು ಮೊಬೈಲು ಕೊಟ್ಟರೆ ಮಕ್ಕಳು ಸುಮ್ಮನಾಗುವುದು ದಿಟ. ಆದರೆ ಮೂವರೂ ಬೇರೆಬೇರೆಯಾಗಿ ಸುಮ್ಮನಾಗುತ್ತಾರೆ. ಒಗಟು ಅವರನ್ನು ಒಟ್ಟುಗೂಡಿಸುತ್ತದೆ. ‘ಕಾಲು ಮಡಚಿ ಹಾರುವುದು, ಕಾಲು ಚಾಚಿ ಇಳಿಯುವುದು, ಏನದು?’ ಎಂದರೆ ಹಿರಿಯವಳು ‘ವಿಮಾನ’ ಎಂದಾಳು. ನಡುವಿನವನು ‘ಹದ್ದು’ ಎಂದು ವಾದಕ್ಕಿಳಿದಾನು. ಕಿರಿಯ ಕೂಸು ಪ್ರಶ್ನೆಯನ್ನೇ ತೊದಲುತ್ತ ನಾಲ್ಕು ಪದ ಕಲಿತೀತು.

ಗೋವೆಯ ಕನ್ನಡ ಮನೆಗಳಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಬೀದಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಬಹುಮಟ್ಟಿಗೆ ಮರಾಠಿ, ಇಂಗ್ಲಿಷ್. ಕನ್ನಡಕ್ಕೆ ಉಳಿದಿರುವುದು ಹೆತ್ತವರ ಬಾಯಿ ಮತ್ತು ಬಿಡುವಿನ ಹೊತ್ತು. ಕನ್ನಡದ ಮಕ್ಕಳಿಗೆ ಹಾಡು ಕಟ್ಟಿಕೊಟ್ಟ ಪಂಜೆ ಮಂಗೇಶರಾಯರ (1874–1937) ಮನೆಮಾತು ಕೊಂಕಣಿ. ಎರಡು ನುಡಿಗಳ ನಡುವೆ ಬೆಳೆಯುವ ಮಗುವಿಗೆ ಕನ್ನಡ ಭಾರವಾಗದು. ಆಡಿಸುವವರು ಬೇಕು, ಅಷ್ಟೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಒಗಟನ್ನು ಜಾನಪದದ ಕಿರುಟಿಪ್ಪಣಿಯೆಂದು ಓದಿ ಮುಗಿಸುತ್ತಾರೆ. ಅದರ ನಿಜವಾದ ಪರೀಕ್ಷೆ ನಡೆಯುವುದು ಕಿಟಕಿಯ ಪಕ್ಕದ ಆ ಆಸನದಲ್ಲಿ. ವಿಮಾನ ಇಳಿಯುವಾಗ ಕಿವಿ ಬಿಗಿದ ಮಗುವಿಗೆ ಗುಟುಕು ನೀರು ಬೇಕು. ಬೇಸತ್ತ ಮಗುವಿಗೆ ಒಗಟು ಬೇಕು. ಹೊರಡುವ ಮುನ್ನ ಎರಡನ್ನೂ ಜೋಡಿಸಿಟ್ಟುಕೊಳ್ಳುವುದು ಒಳಿತು.