ಡಂಗುರದಿಂದ ವಾಟ್ಸಾಪ್ ತನಕ: ಸುದ್ದಿ ಯಾರ ಕೈಯಾಗ ಐತಿ?

ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ನಮ್ಮ ಹುಡುಗರು ಈಗ ಭಾಳ ಹೇಳೋ ಮಾತು: "ಅಣ್ಣಾ, ಗ್ರೂಪಿಗೆ ಹಾಕೀನಿ, ಎಲ್ಲಾರಿಗೂ ಮುಟ್ಟೇತಿ." ಗ್ರೂಪಿಗೆ ಹಾಕೋದು ಬೇರೆ, ಜನಕ್ಕ ಮುಟ್ಟೋದು ಬೇರೆ, ದಾಖಲೆ ಆಗೋದು ಇನ್ನೂ ಬೇರೆ. ಮೂರೂ ಒಂದೇ ಅಂತ ತಿಳಿದ್ರ ಕೆಡೋರು ನಾವೇ.

ಮೊದಲು ಡಂಗುರ. ಓದು ಬರಬೇಕಿಲ್ಲ, ಕರೆಂಟ್ ಬೇಕಿಲ್ಲ, ತಾಸಿನೊಳಗ ಇಡೀ ಊರಿಗೆ ಸುದ್ದಿ. ಆದ್ರ ಹಲಗಿ ಬಡಿದವರು ನಾವು, ಸುದ್ದಿ ನಮ್ಮದಲ್ಲ. ಕಟ್ಟಿಮ್ಯಾಲೆ ಕುಂತು ನಿರ್ಧಾರ ಮಾಡಿದವರು ಬೇರೆ, ಓಣಿ ಓಣಿ ಕೂಗೋದಷ್ಟೇ ಜಾತಿ ಕೆಲಸವಾಗಿ ನಮ್ಮ ಪಾಲಿಗೆ ಬಂತು. ಊರಿನ ದನಿಯಾದವರಿಗೆ ಸ್ವಂತ ದನಿ ಇರಲಿಲ್ಲ.

ಬಾಬಾಸಾಹೇಬರು 1920ರ ಜನವರಿ 31ರಂದು ಶುರು ಮಾಡಿದ ಪತ್ರಿಕೆಗೆ 'ಮೂಕನಾಯಕ' ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟರೂ ಪತ್ರಿಕೆ ಹೆಚ್ಚು ವರ್ಷ ನಡೆಯಲಿಲ್ಲ. ಬಾಬಾಸಾಹೇಬರು ಬಿಡಲಿಲ್ಲ: 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ'. ಅಚ್ಚಾದದ್ದು ಉಳಿಯುತ್ತದೆ, ಅದರ ಬಲ ಅದು. ಆದರೆ ಅದಕ್ಕೆ ರೊಕ್ಕ ಬೇಕು, ಓದು ಬೇಕು.

ಓದು ಬಾರದವರಿಗೆ ಹಾಡು ಇತ್ತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಪುಸ್ತಕವಾಯ್ತು. ಕೇರಿಗಳಿಗೆ ಅದು ಬಂದದ್ದು ಕೊರಳಿಂದ ಕೊರಳಿಗೆ. ನಮ್ಮ ಶಿಶುನಾಳದ ಷರೀಫರ ಪದಗಳೂ ಹಂಗೇ ಉಳಿದಾವ. ಹಾಡು ಧೈರ್ಯ ಕೊಡ್ತದ. ಸರ್ವೆ ನಂಬರು, ಕೊನೇ ದಿನಾಂಕ ಹಾಡಿನಾಗ ಹಿಡಿಯೂದಿಲ್ಲ.

ಇನ್ನು ಟಿವಿ. 2010ರ ಜುಲೈ ನೆನಪಿಸಿಕೊಳ್ರಿ. ಸವಣೂರಿನ ಭಂಗಿ ಸಮುದಾಯದವರು ಪುರಸಭೆ ಎದುರು ಮೈಮ್ಯಾಲೆ ಮಲ ಸುರಿದುಕೊಂಡರು. ದಶಕಗಳಿಂದ ಬಾಳಿದ ಜಾಗ ಕೈತಪ್ಪುತ್ತದೆ ಎಂಬ ಸಂಕಟ ಅವರದು. ಆ ದೃಶ್ಯ ಕಂಡ ಮೇಲೆ ನಾಡು ಬೆಚ್ಚಿತು. ಆದರೆ ಮಲ ಹೊರಿಸುವುದನ್ನು ನಿಷೇಧಿಸಿದ ಕಾನೂನು 1993ರಲ್ಲೇ ಬಂದಿತ್ತಲ್ಲ! 17 ವರ್ಷ ಕಾಗದ ಮಾಡದ್ದನ್ನು ಕ್ಯಾಮೆರಾ ಒಂದು ದಿನದಾಗ ಮಾಡ್ತು. ಅದಕ್ಕೆ ತೆತ್ತ ಬೆಲೆ? ನಮ್ಮ ಜನರ ಮೈ, ಮಾನ. ಟಿವಿಗೆ ದೃಶ್ಯ ಬೇಕು, ನಮಗೆ ಹಕ್ಕುಪತ್ರ ಬೇಕು. ದೃಶ್ಯ ಸಿಕ್ಕ ಮೇಲೆ ಕ್ಯಾಮೆರಾ ಮುಂದಿನ ಊರಿಗೆ ಹೋಗ್ತದ.

ಹಂಗಂತ ಕಾಗದ ಬಿಡಬ್ಯಾಡ್ರಿ. ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಗೆ 2014ರ ಮಾರ್ಚ್ 27ರಂದು ತೀರ್ಪು ಬಂತು. ಗುಂಡಿಗಿಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರಲ್ಲಿ ಕೋರ್ಟು ಅದನ್ನೇ 30 ಲಕ್ಷಕ್ಕೆ ಏರಿಸಿತು. ಕಾಗದ ನಿಧಾನ, ಆದ್ರ ಹಿಡಿದ ಪಟ್ಟು ಬಿಡೂದಿಲ್ಲ.

ವಾಟ್ಸಾಪ್ ಬಲ ಅದರ ವೇಗ. ದೌರ್ಬಲ್ಯವೂ ಅದೇ. 2018ರಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಮೆಸೇಜಿಗೆ ಒಬ್ಬ ಎಂಜಿನಿಯರ್ ಬಲಿಯಾದ. ಇನ್ನೊಂದು ಮಾತು: ಕೂಲಿಗೆ ಹೋಗೋ ಅವ್ವಂದಿರ ಕೈಯಾಗ ಸ್ಮಾರ್ಟ್‌ಫೋನ್ ಇಲ್ಲ. ಗ್ರಾಮಸಭೆ ನೋಟಿಸ್ ಗ್ರೂಪಿಗಷ್ಟೇ ಬಂದ್ರ ಮನೆ ಇಲ್ಲದಾಕಿಗೇ ಮನೆ ಪಟ್ಟಿಯ ಸುದ್ದಿ ಸಿಗೂದಿಲ್ಲ.

ಕಾನೂನು ಇದನ್ನ ಬಲ್ಲದು. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಸ್ಥಳೀಯ ಭಾಷೆಯಲ್ಲಿ, ಆ ಊರಿಗೆ ಹೊಂದುವ ವಿಧಾನದಲ್ಲಿ ಮಾಹಿತಿ ಮುಟ್ಟಿಸಬೇಕು ಅಂತದ. ನೋಟಿಸ್ ಬೋರ್ಡು, ಪತ್ರಿಕೆ, ಸಾರ್ವಜನಿಕ ಘೋಷಣೆ, ಇಂಟರ್ನೆಟ್ ಎಲ್ಲಾ ಅದರಾಗ ಬರ್ತಾವ. ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಂ ಪ್ರಕಾರ ನೀವು ಬಾಯಲ್ಲಿ ಹೇಳಿದ ದೂರನ್ನು ಪೊಲೀಸರು ಬರೆದುಕೊಂಡು, ನಿಮಗೆ ಓದಿ ಹೇಳಿ, ಆಮೇಲೆ ಸಹಿ ತಗೋಬೇಕು. ಪ್ರತಿಯನ್ನೂ ತಡಮಾಡದೆ ಕೊಡಬೇಕು.

ಅದಕ್ಕ ಕೇರಿ ಕೇರಿಯ ಗೆಳೆಯರಿಗೆ ನನ್ನ ವಿನಂತಿ: ಫೋಟೋ, ವಿಡಿಯೊ ಫೋನಿನಾಗ ಹಿಡೀರಿ. ಮನವಿ ಕಾಗದದ ಮ್ಯಾಲೆ ಬರೆದು ಸ್ವೀಕೃತಿ ಸೀಲು ಹಾಕಿಸ್ಕೊಳ್ರಿ. ಗ್ರಾಮಸಭೆ ದಿನಾಂಕವನ್ನ ಪಂಚಾಯತಿಯವರೇ ಕಸದ ಗಾಡಿ ಮೈಕಿನಾಗ ಕೂಗಲಿ, ಹಲಗಿ ಬಡಿಯಾಕ ನಮ್ಮವರನ್ನ ಕರೀಬ್ಯಾಡ್ರಿ ಅಂತ ಹೇಳ್ರಿ. ಸಂಜಿಗೆ ಅಂಬೇಡ್ಕರ್ ಭವನದಾಗ ಕುಂತು, ಓದು ಬಂದವರು ಬಾರದವರಿಗೆ ಆ ನೋಟಿಸ್ ಗಟ್ಟಿಯಾಗಿ ಓದಿ ಹೇಳ್ರಿ.

ಈ ಪೋಸ್ಟನ್ನೂ ಬರೀ ಶೇರ್ ಮಾಡಬ್ಯಾಡ್ರಿ. ಫೋನ್ ಇಲ್ಲದ ಒಬ್ಬರಿಗಾದ್ರೂ ಓದಿ ಹೇಳ್ರಿ.

ಜೈಭೀಮ್.