ಆಯಸ್ಸಿಗೂ ಒಂದು ಅಂತಸ್ತು

"ಊಟ ಬಲ್ಲವನಿಗೆ ರೋಗವಿಲ್ಲ" ಅನ್ನೋ ಗಾದೆ ಕೇಳಿಕೊಂಡೇ ಬೆಳೆದವರು ನಾವು. ಇಲ್ಲಿ ಲಂಡನ್ನಿನಲ್ಲಿ ಯುಗಾದಿಗೋ ರಾಜ್ಯೋತ್ಸವಕ್ಕೋ ನಾಲ್ಕು ಜನ ಕನ್ನಡಿಗರು ಸೇರಿದರೂ ಊಟದ ಹೊತ್ತಿಗೆ ಈ ಮಾತು ಬಂದೇ ಬರುತ್ತೆ. ಒಬ್ಬರು ಅನ್ನ ಬಿಟ್ಟಿರ್ತಾರೆ, ಇನ್ನೊಬ್ಬರು ರಾಗಿ ಹಿಡಿದಿರ್ತಾರೆ, ಮತ್ತೊಬ್ಬರು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಣಿಸ್ತಿರ್ತಾರೆ. ಯಾರಿಗಾದರೂ ಶುಗರ್ ಬಂತು ಅಂದರೆ "ಬಾಯಿಗೆ ಕಡಿವಾಣ ಇರಲಿಲ್ಲ ಬಿಡಿ" ಅಂತ ತೀರ್ಪೂ ಅಲ್ಲೇ ಸಿಗುತ್ತೆ.

ಗಾದೆ ಸುಳ್ಳು ಅಂತ ನಾನು ಹೇಳ್ತಿಲ್ಲ. ಆದರೆ ಊಟ ಬಲ್ಲವನಿಗೆ ಆ ಊಟ ಮಾಡೋಕೆ ಪುರುಸೊತ್ತೂ ಬೇಕು, ಕಾಸೂ ಬೇಕು, ರಾತ್ರಿ ಕಣ್ತುಂಬ ನಿದ್ದೆಯೂ ಬೇಕು. ಅದನ್ನ ಯಾರು ಕೊಡ್ತಾರೆ?

ನಾನಿರೋ ರೇನರ್ಸ್ ಲೇನ್‌ನಲ್ಲಿ ಪಿಕಡಿಲಿ ಲೈನ್ ಹತ್ತಿ, ಗ್ರೀನ್ ಪಾರ್ಕ್‌ನಲ್ಲಿ ಜುಬಿಲಿ ಲೈನಿಗೆ ಬದಲಾಯಿಸಿದರೆ ಮುಂದಿನ ಸ್ಟೇಷನ್ನೇ ವೆಸ್ಟ್‌ಮಿನ್‌ಸ್ಟರ್. ಅಲ್ಲಿಂದ ಪೂರ್ವಕ್ಕೆ ಎಂಟನೇ ಸ್ಟೇಷನ್ ಕ್ಯಾನಿಂಗ್ ಟೌನ್. 2000ರ ದಶಕದಲ್ಲಿ ಇಲ್ಲಿನ ಆರೋಗ್ಯ ತಜ್ಞರು ಈ ದಾರಿಯುದ್ದಕ್ಕೂ ಜನರ ಸರಾಸರಿ ಆಯುಷ್ಯ ಲೆಕ್ಕ ಹಾಕಿದರು. ಪೂರ್ವಕ್ಕೆ ಹೋದ ಹಾಗೆ ಸ್ಟೇಷನ್ನಿಗೆ ಹತ್ತಿರ ಹತ್ತಿರ ಒಂದೊಂದು ವರ್ಷ ಕಡಿಮೆ! ರೈಲಿನಲ್ಲಿ ಅರ್ಧ ಗಂಟೆಯೂ ಹಿಡಿಯದ ದಾರಿ ಅದು.

ಬಡವರಿಗೆ ಕಾಯಿಲೆ ಜಾಸ್ತಿ, ಇದರಲ್ಲೇನು ವಿಶೇಷ ಅಂತೀರಾ? ಹಾಗಾದರೆ ಅದೇ ವೆಸ್ಟ್‌ಮಿನ್‌ಸ್ಟರ್ ಸ್ಟೇಷನ್ನಿನ ಪಕ್ಕದ ವೈಟ್‌ಹಾಲ್ ಬೀದಿಯ ಕಥೆ ಕೇಳಿ. ನಮ್ಮ ವಿಧಾನಸೌಧದ ಹಾಗೆ ಸರ್ಕಾರಿ ಕಚೇರಿಗಳೇ ತುಂಬಿರೋ ಜಾಗ. 1967ರಲ್ಲಿ ಶುರುವಾದ ಒಂದು ಅಧ್ಯಯನದಲ್ಲಿ ಸುಮಾರು 18,000 ಗಂಡಸು ನೌಕರರ ಆರೋಗ್ಯ ಪರೀಕ್ಷೆ ಮಾಡಿ, ಮುಂದೆ ವರ್ಷಗಟ್ಟಲೆ ಅವರ ಮೇಲೆ ಕಣ್ಣಿಟ್ಟರು. ಎಲ್ಲರೂ ಸರ್ಕಾರಿ ಸಂಬಳದವರು, ಯಾರೂ ಹಸಿದವರಲ್ಲ. 1948ರಿಂದ ಆಸ್ಪತ್ರೆಯೂ ಎಲ್ಲರಿಗೂ ಪುಕ್ಕಟೆ. ಆದರೂ ಏಳೂವರೆ ವರ್ಷದ ಲೆಕ್ಕ ತೆಗೆದಾಗ, ಅತಿ ಕೆಳಗಿನ ದರ್ಜೆಯ ಜವಾನರಂಥ ನೌಕರರು ಹೃದಯದ ಕಾಯಿಲೆಯಿಂದ ಸತ್ತ ಪ್ರಮಾಣ ಅತಿ ಮೇಲಿನ ಅಧಿಕಾರಿಗಳಿಗಿಂತ ಮೂರು ಪಟ್ಟಿಗೂ ಹೆಚ್ಚು. ಅಷ್ಟೇ ಅಲ್ಲ, ಎರಡನೇ ಮೆಟ್ಟಿಲಲ್ಲಿ ಇದ್ದವರು, ಅಂದರೆ ಒಳ್ಳೇ ಸಂಬಳದವರೇ, ಮೊದಲನೇ ಮೆಟ್ಟಿಲಿನವರಿಗಿಂತ ಬೇಗ ಸತ್ತಿದ್ದರು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಸೇರಿಸಿದರೂ ಈ ವ್ಯತ್ಯಾಸದ ಸುಮಾರು ಮೂರರಲ್ಲೊಂದು ಪಾಲಿಗಷ್ಟೇ ಉತ್ತರ ಸಿಕ್ಕಿದ್ದು.

ಕನ್ನಡದಲ್ಲಿ ಅಂತಸ್ತು ಅಂದರೆ ಮಹಡಿಯೂ ಹೌದು, ಸ್ಥಾನಮಾನವೂ ಹೌದು. ವೈಟ್‌ಹಾಲ್ ತೋರಿಸಿಕೊಟ್ಟಿದ್ದು ಇದನ್ನೇ. ಉಳ್ಳವರು, ಇಲ್ಲದವರು ಅಂತ ಎರಡೇ ಭಾಗ ಅಲ್ಲ ಇದು, ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಆಯಸ್ಸು.

ಉಳಿದ ಪಾಲಿನ ಉತ್ತರ ಹುಡುಕೋಕೆ ಮೈಕೇಲ್ ಮಾರ್ಮಟ್ ಅನ್ನೋ ವಿಜ್ಞಾನಿ 1985ರಲ್ಲಿ ಎರಡನೇ ಅಧ್ಯಯನ ಶುರು ಮಾಡಿದರು. ಈ ಸಲ ಹೆಂಗಸರೂ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ನೌಕರರು. ಅದರಲ್ಲಿ ಎದ್ದು ಕಂಡಿದ್ದು, ತನ್ನ ಕೆಲಸದ ಮೇಲೆ ತನಗೆಷ್ಟು ಹಿಡಿತ ಇದೆ ಅನ್ನೋದು. ಯಾವಾಗ ಏನು ಮಾಡಬೇಕು ಅಂತ ತೀರ್ಮಾನಿಸೋ ಸ್ವಾತಂತ್ರ್ಯ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು. ಸಾಹೇಬರಿಗೆ ಟೆನ್ಷನ್ ಜಾಸ್ತಿ ಅಂತ ನಾವು ಅಂದುಕೊಂಡಿರ್ತೀವಿ. ಸಾಹೇಬರ ಟೆನ್ಷನ್ ಮೀಟಿಂಗ್ ಮುಗಿದ ಮೇಲೆ ಇಳಿಯುತ್ತೆ. ಕರೆಗಂಟೆ ಯಾವಾಗ ಬಾರಿಸುತ್ತೋ ಅಂತ ಕಾಯೋನ ಟೆನ್ಷನ್ ಇಳಿಯೋದು ಯಾವಾಗ?

ಕೋವಿಡ್ ಬಂದಾಗ ಇದನ್ನ ನಾವು ಹತ್ತಿರದಿಂದಲೇ ನೋಡಿದೆವು. ಇಲ್ಲಿಂದ ಮೂರು ಸ್ಟೇಷನ್ ಆಚೆ ಇರೋ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆ 2020ರ ಮಾರ್ಚ್‌ನಲ್ಲೇ ತೀವ್ರ ನಿಗಾ ಹಾಸಿಗೆಗಳು ಸಾಲದೆ ತುರ್ತು ಪರಿಸ್ಥಿತಿ ಘೋಷಿಸಿತು. ಮೇ ತಿಂಗಳಿನ ಸರ್ಕಾರಿ ಅಂಕಿಅಂಶದಲ್ಲಿ ಸಾವಿನ ಪ್ರಮಾಣ ಹೆಚ್ಚಿದ್ದ ಕೆಲಸಗಳ ಪೈಕಿ ಸೆಕ್ಯುರಿಟಿ ಗಾರ್ಡ್, ಟ್ಯಾಕ್ಸಿ ಡ್ರೈವರ್, ಬಸ್ ಡ್ರೈವರ್ ಇದ್ದರು. ಲ್ಯಾಪ್‌ಟಾಪ್ ಹಿಡಿದು ಮನೆಯಲ್ಲೇ ಕೂತವರು ಕೂತೆವು, ಬಸ್ಸನ್ನ ಮನೆಯಿಂದ ಓಡಿಸೋಕೆ ಆಗುತ್ತಾ?

ಇದೆಲ್ಲ ಸರ್ಕಾರಕ್ಕೆ ಗೊತ್ತಿರಲಿಲ್ಲ ಅಂತಲ್ಲ. ವರ್ಗ ವರ್ಗದ ನಡುವಿನ ಆರೋಗ್ಯದ ಅಂತರದ ಬಗ್ಗೆ ಸರ್ ಡಗ್ಲಸ್ ಬ್ಲ್ಯಾಕ್ ಸಮಿತಿ ಕೊಟ್ಟ ವರದಿಯನ್ನ 1980ರಲ್ಲಿ, ಥ್ಯಾಚರ್ ಸರ್ಕಾರ ಒಂದು ರಜಾದಿನ ನೋಡಿ, ಬರೀ 260 ಪ್ರತಿ ಮಾಡಿ ಹೊರಬಿಟ್ಟಿತ್ತು. 2010ರಲ್ಲಿ ಮಾರ್ಮಟ್ ಅವರದೇ ವರದಿ ಬಂತು: ಇಂಗ್ಲೆಂಡಿನ ಅತಿ ಬಡ ಬಡಾವಣೆಗಳ ಜನ ಅತಿ ಸಿರಿವಂತ ಬಡಾವಣೆಗಳವರಿಗಿಂತ ಸರಾಸರಿ ಏಳು ವರ್ಷ ಮುಂಚೆ ಸಾಯ್ತಾರೆ, ಆರೋಗ್ಯವಾಗಿ ಬದುಕೋ ವರ್ಷಗಳಲ್ಲಿ ಅಂತರ ಹದಿನೇಳು. ಪುಕ್ಕಟೆ ಆಸ್ಪತ್ರೆ ಇರೋ ದೇಶದಲ್ಲೇ ಹೀಗೆ.

ಈಗ ನಮ್ಮೂರಿಗೆ ಬನ್ನಿ. ಬೆಳಗಿನ ಜಾವ ಬೆಂಗಳೂರಿನ ಬೀದಿ ಗುಡಿಸೋ ಪೌರಕಾರ್ಮಿಕ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ, ದಾರಿಯಲ್ಲಿ ಶೌಚಾಲಯ ಇಲ್ಲ ಅಂತ ಕೆಲಸ ಮುಗಿಯೋವರೆಗೆ ನೀರೇ ಕುಡಿಯಲ್ಲ. ಅವರಿಗೆ "ದಿನಕ್ಕೆ ಮೂರು ಲೀಟರ್ ನೀರು ಕುಡೀರಿ" ಅಂತ ಬುದ್ಧಿ ಹೇಳೋದೇ? 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಕೂತಾಗ ಕೇಳಿದ್ದು ಮಾತ್ರೆಯನ್ನಲ್ಲ, ನೌಕರಿ ಖಾಯಂ ಮಾಡಿ ಅಂತ. ಅದೇ ಸೆಪ್ಟೆಂಬರಿನಲ್ಲಿ 11,133 ಜನರನ್ನ ಖಾಯಂ ಮಾಡೋಕೆ ಸಂಪುಟ ಒಪ್ಪಿತು. ಪತ್ರಿಕೆಗಳಿಗೆ ಅದು ಕಾರ್ಮಿಕರ ಸುದ್ದಿ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಆರೋಗ್ಯ ಸುದ್ದಿ ಬೇರೆ ಇಲ್ಲ.

ಹೊರದೇಶದ ಕನ್ನಡಿಗರು ಊರಲ್ಲಿ ಆರೋಗ್ಯ ಶಿಬಿರಕ್ಕೆ ಅಂತ ದುಡ್ಡು ಕೊಡ್ತೀವಿ. ಒಳ್ಳೇದೇ, ಕೊಡೋಣ. ಆದರೆ ಪೌಂಡು, ಡಾಲರು ಕಳಿಸಿ ಕೊಂಡ ನಮ್ಮದೇ ಅಪಾರ್ಟ್‌ಮೆಂಟಿನ ವಾಚ್‌ಮನ್ ದಿನಕ್ಕೆ ಹನ್ನೆರಡು ಗಂಟೆ, ವಾರದ ರಜೆಯೂ ಇಲ್ಲದೆ ನಿಂತಿದ್ದರೆ, ವರ್ಷಕ್ಕೊಂದು ಸಲ ಶಿಬಿರದಲ್ಲಿ ಅವನ ಬಿಪಿ ನೋಡಿ ಏನು ಬಂತು? ಅವನ ಬಿಪಿಗೆ ಮೊದಲ ಔಷಧಿ ಇರೋದು ನಮ್ಮ ಅಸೋಸಿಯೇಷನ್ನಿನ ಮೀಟಿಂಗಿನಲ್ಲಿ. ಎಂಟು ಗಂಟೆಯ ಪಾಳಿ, ವಾರಕ್ಕೊಂದು ರಜೆ, ಕೂರೋಕೊಂದು ಕುರ್ಚಿ, ಒಂದು ಶೌಚಾಲಯ. ಮೆಂಟೆನೆನ್ಸ್ ಸ್ವಲ್ಪ ಜಾಸ್ತಿ ಆಗುತ್ತೆ, ಆಗಲಿ.

ಮುಂದಿನ ಸಲ ಮೀಟಿಂಗಿನ ಇಮೇಲ್ ಬಂದಾಗ ಇಷ್ಟನ್ನ ಬರೆದು ಕಳಿಸ್ತೀರಾ? ಈಜುಕೊಳದ ಟೈಲ್ಸ್ ವಿಚಾರ ಆಮೇಲೆ ಮಾತಾಡಿದರೂ ನಡೆಯುತ್ತೆ.