ಅಮ್ಮ ರಾತ್ರಿ ಎಷ್ಟು ಸಲ ಎದ್ದಳು?

ಮನೆಯವರೆಲ್ಲ ಮಲಗಿದ ಮೇಲೆ ಅಮ್ಮ ಏಳುತ್ತಾಳೆ. ಲೈಟು ಹಾಕಿದರೆ ಮಕ್ಕಳ ನಿದ್ದೆ ಕೆಟ್ಟೀತೆಂದು ಗೋಡೆ ತಡವುತ್ತ ಬಚ್ಚಲಿಗೆ ಹೋಗಿ ಬರುತ್ತಾಳೆ. ಕಣ್ಣಿಗೆ ನಿದ್ದೆ ಹತ್ತುವಷ್ಟರಲ್ಲಿ ಮತ್ತೆ ಏಳಬೇಕು. ಬೆಳಗ್ಗೆ ಯಾರಾದರೂ ನಿದ್ದೆ ಬಂತೇ ಎಂದು ಕೇಳಿದರೆ "ಹೂಂ, ಚೆನ್ನಾಗಿ ಬಂತು" ಅನ್ನುತ್ತಾಳೆ. ನಾವು ನಂಬುತ್ತೇವೆ. ನಂಬಿದರೆ ನಮಗೂ ಅನುಕೂಲ ತಾನೆ!

ದೂರದ ಮದುವೆಗೆ ಬಸ್ಸು ಹತ್ತಬೇಕೆಂದರೆ, ದಾರಿಯಲ್ಲಿ ಮೂತ್ರಕ್ಕೆ ಅವಸರವಾದೀತೆಂದು ಬೆಳಗಿನಿಂದ ಹನಿ ನೀರು ಮುಟ್ಟದೆ ಕೂರುವವಳು ಅವಳೇ. ಹಾಗೆ ಒಣಗಿದರೆ ಮೂತ್ರ ಗಟ್ಟಿಯಾಗಿ ಉರಿ ಶುರುವಾಗುತ್ತದೆ, ಅವಸರ ಇನ್ನಷ್ಟು ಏರುತ್ತದೆ.

"ವಯಸ್ಸಾಯಿತಲ್ಲ, ಇದೆಲ್ಲ ಇದ್ದಿದ್ದೇ" ಅನ್ನಬೇಡಿ. ವಯಸ್ಸಿನ ಪಾಲು ಇದೆ, ನಿಜ. ರಾತ್ರಿ ಹೊತ್ತು ಮೂತ್ರ ತಗ್ಗಿಸುವ ಹಾರ್ಮೋನು ಕುಗ್ಗುತ್ತದೆ. ಹಗಲೆಲ್ಲ ಕಾಲಿಗೆ ಇಳಿದ ನೀರು ಮಲಗಿದಾಗ ರಕ್ತಕ್ಕೆ ಮರಳುತ್ತದೆ. ಆದರೆ ಕೆಟ್ಟ ನಿದ್ದೆಯ ಪಾಲನ್ನು ಯಾರೂ ವಿಚಾರಿಸುವುದಿಲ್ಲ. ಗಾಢ ನಿದ್ದೆಯಲ್ಲಿ ಗೊತ್ತೇ ಆಗದಷ್ಟು ಮೂತ್ರ ಅರೆ ಎಚ್ಚರದಲ್ಲಿ ತಡೆಯಲಾಗದ ಅವಸರವಾಗುತ್ತದೆ. ಗೊರಕೆಯ ನಡುವೆ ಉಸಿರು ಕಟ್ಟುವವರಿಗೆ ಹೃದಯದ ಮೇಲೆ ಒತ್ತಡ ಬಿದ್ದು ಮೂತ್ರದ ಪ್ರಮಾಣವೇ ಹೆಚ್ಚುತ್ತದೆ. ಅಮ್ಮನ ಗೊರಕೆಯನ್ನು ನಾವು ತಮಾಷೆ ಮಾಡಿ ನಗುತ್ತೇವೆ, ಡಾಕ್ಟರಿಗೆ ಹೇಳುವುದಿಲ್ಲ.

ಹೇಳುವವರಾದರೂ ಯಾರು? ಡಾಕ್ಟರ ಮುಂದೆ ಮಗ ಫೈಲು ಬಿಚ್ಚಿ ಬಿಪಿ, ಶುಗರ್ ಒಪ್ಪಿಸುತ್ತಾನೆ. ಮಗನೆದುರು ಅವಳು ಸೀರೆ ಒದ್ದೆಯಾಗುವ ಮಾತು ಆಡಿಯಾಳೆ? "ನಿದ್ದೆ ಬರಲ್ಲ" ಅಂತಷ್ಟೇ ಅನ್ನುತ್ತಾಳೆ. ಚೀಟಿಗೆ ಒಂದು ನಿದ್ದೆ ಮಾತ್ರೆ ಸೇರುತ್ತದೆ. ಆ ಮಂಪರಿನಲ್ಲೇ ನಡುರಾತ್ರಿ ಎದ್ದು ಬಚ್ಚಲ ಹೊಸ್ತಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳೆಂದರೆ ಆಪರೇಷನ್ನಿಗೆ ಲಕ್ಷಗಟ್ಟಲೆ ಹೊಂದಿಸುತ್ತೇವೆ. ಆ ದಾರಿಗೊಂದು ಜೀರೋ ಬಲ್ಬು, ಗೋಡೆಗೊಂದು ಹಿಡಿಕೆ ಹಾಕಿಸಲು ಮಾತ್ರ ಪುರುಸೊತ್ತು ಇರಲಿಲ್ಲ.

ಹೆಣ್ಣುಮಕ್ಕಳೇ, ಸೊಸೆಯಂದಿರೇ, ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ಗಂಡುಮಕ್ಕಳೇ, ನಾಚಿಕೆ ನಿಮ್ಮದು, ಬಿಡಿ. ಮೂರು ದಿನ ಎಷ್ಟು ಕುಡಿದಳು, ಎಷ್ಟು ಹೊತ್ತಿಗೆ ಎದ್ದಳು, ಪ್ರತಿ ಸಲ ಎಷ್ಟು ಹೋಯಿತು, ಬರೆದಿಡಿ. ನೀರು ಇಳಿಸುವ ಬಿಪಿ ಮಾತ್ರೆ ಸಂಜೆ ನುಂಗುತ್ತಿದ್ದರೆ, ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಹಗಲು ನೀರು ಕುಡಿಯಲಿ. ಸಂಜೆಯ ಕಾಫಿ ಬಿಡಲಿ. ಕಾಲು ಊದುತ್ತಿದ್ದರೆ ಮಧ್ಯಾಹ್ನ ದಿಂಬಿನ ಮೇಲೆ ಕಾಲಿಟ್ಟು ಒರಗಲಿ, ಆದರೆ ಗಂಟೆಗಟ್ಟಲೆ ನಿದ್ದೆ ಬೇಡ. ಮೂತ್ರ ಹಿಡಿಯುವ ಸ್ನಾಯುಗಳಿಗೆ ವ್ಯಾಯಾಮವಿದೆ, ಎಪ್ಪತ್ತರಲ್ಲೂ ಕಲಿಯಬಹುದು.

ಡಾಕ್ಟರೇ, ನಿಮಗೂ ಒಂದು ಮಾತು. ನಿದ್ದೆ ಮಾತ್ರೆ ಬರೆಯುವ ಮುನ್ನ ಮಗನನ್ನು ಎರಡು ನಿಮಿಷ ಹೊರಗೆ ಕೂರಿಸಿ, "ರಾತ್ರಿ ಎಷ್ಟು ಸಲ ಏಳ್ತೀರಮ್ಮ?" ಅಂತ ಕೇಳಿ.